ತಿಮಿಂಗಿಲ ತನ್ನ ಬೆನ್ನಿಗೆ ನೀರು ಚಿಮ್ಮಿಸಿಕೊಳ್ಳುವುದು ಯಾಕೆ

ಆಗ ಲೋಕ ಇನ್ನೂ ಹೊಸದಾಗಿತ್ತು. ಎಷ್ಟು ಹೊಸದೆಂದರೆ, ಕಡಲಿಗೆ ತನ್ನ ದಡ ಯಾವುದೆಂದು ಸರಿಯಾಗಿ ಗೊತ್ತಿರಲಿಲ್ಲ. ಇವತ್ತು ಇಲ್ಲಿವರೆಗೆ ಬಂದು, ನಾಳೆ ಅಲ್ಲಿವರೆಗೆ ಹೋಗಿ, "ನನ್ನ ಜಾಗ ಇಷ್ಟೇನಾ?" ಎಂದು ಮರಳನ್ನು ಕೇಳುತ್ತಿತ್ತು. ಯಾವ ತಿಂಗಳಲ್ಲಿ ಯಾವ ಕಡೆಗೆ ಬೀಸಬೇಕೆಂಬುದು ಗಾಳಿಗೆ ಇನ್ನೂ ರೂಢಿಯಾಗಿರಲಿಲ್ಲ. ಅದು ಮೋಡಗಳನ್ನು ನಿಲ್ಲಿಸಿ ದಾರಿ ಕೇಳುತ್ತಿತ್ತು. ಆಗ ಎಲ್ಲರ ಮಾತೂ ಎಲ್ಲರಿಗೂ ತಿಳಿಯುತ್ತಿತ್ತು.

ಆ ಕಾಲದಲ್ಲಿ ತಿಮಿಂಗಿಲ ಮುಳುಗುತ್ತಿರಲಿಲ್ಲ. ದೇವರು ಅವಳನ್ನು ಮಾಡಿ ನೀರಿಗೆ ಬಿಟ್ಟಾಗಿನಿಂದ, ಬಿಟ್ಟ ಜಾಗದಲ್ಲೇ ಬೆನ್ನನ್ನು ಬಿಸಿಲಿಗೆ ಒಡ್ಡಿಕೊಂಡು ಸುಮ್ಮನೆ ತೇಲುತ್ತಿದ್ದಳು. ತೇಲಿ ತೇಲಿ ಎಷ್ಟು ಕಾಲವಾಯಿತೆಂದರೆ, ಗಾಳಿ ಹೊತ್ತು ತಂದ ಧೂಳು ಅವಳ ಬೆನ್ನ ಮೇಲೆ ಕೂತು ಮಣ್ಣಾಯಿತು. ಹಕ್ಕಿಗಳು ಉದುರಿಸಿದ ಬೀಜ ಮೊಳೆತು ಹುಲ್ಲಾಯಿತು, ಪೊದೆಯಾಯಿತು. ಬೆನ್ನಿನ ತಗ್ಗಿನಲ್ಲಿ ಮಳೆನೀರು ನಿಂತು ಪುಟ್ಟ ಕೊಳವಾಯಿತು. ದೂರದಿಂದ ನೋಡಿದವರು ಅದನ್ನೊಂದು ದ್ವೀಪವೆಂದೇ ತಿಳಿಯಬೇಕು, ಹಾಗಿದ್ದಳು.

ಕಡಲಹಕ್ಕಿಗಳು ಆ ಹುಲ್ಲಿನಲ್ಲಿ ಗೂಡು ಕಟ್ಟಿ ಮೊಟ್ಟೆಯಿಡುತ್ತಿದ್ದವು. ಬಿಸಿಲು ಜೋರಾದ ದಿನ ಕಡಲು ಅವಳನ್ನು ಕರೆಯುತ್ತಿತ್ತು.

"ಒಂದು ಸಲ ಮುಳುಗಿ ಏಳು ಮಾರಾಯ್ತಿ. ಒಳಗೆ ಎಷ್ಟು ತಂಪಾಗಿದೆ ನೋಡು."

"ಆಗುವುದಿಲ್ಲಪ್ಪಾ. ಮೊಟ್ಟೆಗಳು ನೆನೆಯುತ್ತವೆ."

"ಮೊಟ್ಟೆ ಒಡೆದು ಮರಿಗಳು ಹಾರಿದ ಮೇಲೆ ಬರುತ್ತೀಯಾ?"

"ಅಷ್ಟರಲ್ಲಿ ಇನ್ನೊಬ್ಬಳು ಇಟ್ಟಿರುತ್ತಾಳೆ," ಎಂದು ತಿಮಿಂಗಿಲ ನಗುತ್ತಿದ್ದಳು. ಅವಳು ನಕ್ಕರೆ ಹುಲ್ಲೆಲ್ಲ ಮೆಲ್ಲಗೆ ಅಲ್ಲಾಡುತ್ತಿತ್ತು.

ಅದೇ ಕಡಲಿನ ಆಚೆ ದಡದಲ್ಲಿ, ಅರಬರ ನಾಡಿನಲ್ಲಿ, ಮರ್ಜೂಕ್ ಎಂಬವನಿದ್ದ. ಹಡಗು ನಡೆಸುವ ಯಜಮಾನನನ್ನು ಅಲ್ಲಿಯವರು ನಖುದಾ ಎನ್ನುತ್ತಾರೆ. ಮರ್ಜೂಕನ ಅಪ್ಪ ನಖುದಾ, ಅಜ್ಜನೂ ನಖುದಾ. ಅವರ ಹಡಗುಗಳಿಗೆ ಒಂದು ಮೊಳೆಯೂ ಇರುತ್ತಿರಲಿಲ್ಲ. ಹಲಗೆಗಳ ಅಂಚಿಗೆ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಹಲಗೆಗೆ ಹಲಗೆ ಸೇರಿಸಿ ಹೊಲಿಯುತ್ತಿದ್ದರು, ನಮ್ಮ ಅಜ್ಜಿಯರು ಕೌದಿ ಹೊಲಿದ ಹಾಗೆ. ಆಮೇಲೆ ರಾಳವನ್ನೂ ಮೀನೆಣ್ಣೆಯನ್ನೂ ಕಾಯಿಸಿ ಹೊಲಿಗೆಯ ಮೇಲೆ ಹೊಯ್ದರೆ ನೀರು ಒಳಗೆ ಬರುತ್ತಿರಲಿಲ್ಲ.

ನಖುದಾಗಳ ಮನೆತನದಲ್ಲಿ ಒಂದು ಕಟ್ಟುಪಾಡಿತ್ತು. ಕಡಲಿನಲ್ಲಿ ತಾನು ಕಂಡುಕೊಂಡ ದಾರಿಯನ್ನಾಗಲಿ, ಸಿಹಿನೀರು ಸಿಗುವ ಜಾಗವನ್ನಾಗಲಿ, ಗಾಳಿಮಳೆಗೆ ತಂಗುವ ನೆಲವನ್ನಾಗಲಿ ನಖುದಾ ಯಾರಿಗೂ ಬಿಚ್ಚಿ ಹೇಳುವಂತಿಲ್ಲ. ಕೊನೆಗಾಲದಲ್ಲಿ ಮಗನ ಕಿವಿಯಲ್ಲಿ ಹೇಳಬೇಕು, ಅಷ್ಟೇ. ಜೊತೆಗಿರುವ ನಾವಿಕರು "ಯಾಕೆ, ಎತ್ತ" ಎಂದು ಕೇಳುವಂತಿಲ್ಲ. ನಖುದಾ "ಹೀಗೆ ಮಾಡಿ" ಎಂದರೆ ಹಾಗೆ ಮಾಡಬೇಕು. ಮರ್ಜೂಕನಿಗೆ ಅಪ್ಪ ಮೊದಲು ಕಲಿಸಿದ್ದು ಹಗ್ಗದ ಗಂಟನ್ನಲ್ಲ, ಈ ಬಾಯಿ ಕಟ್ಟುವುದನ್ನು.

ಮೊದಲ ಸಲ ತಾನೇ ನಖುದಾ ಆಗಿ ಹೊರಟಾಗ ಮರ್ಜೂಕನ ಹಡಗು ಸುಳಿಗೆ ಸಿಕ್ಕಿ ಒಡೆಯಿತು. ಒಂದು ಹಲಗೆಯನ್ನು ತಬ್ಬಿಕೊಂಡು, ದೇವರನ್ನು ನೆನೆಯುತ್ತ, ಅಲೆ ಒಯ್ದ ಕಡೆಗೆ ಹೋದ. ಬೆಳಗಾದಾಗ ಹುಲ್ಲಿನ ದ್ವೀಪವೊಂದು ಕಂಡಿತು. ತೆವಳಿಕೊಂಡು ಹತ್ತಿದ. ಕೊಳದ ನೀರು ಕುಡಿದ. ಹಲಗೆ ತೇಲಿಹೋಗದ ಹಾಗೆ ಕಟ್ಟಿಹಾಕೋಣವೆಂದು ಒಂದು ಕಡ್ಡಿಯನ್ನು ನೆಲಕ್ಕೆ ಊರಿದ.

"ಮೆಲ್ಲಗೆ ತಮ್ಮಾ, ಚುಚ್ಚುತ್ತದೆ," ಎಂದಿತು ನೆಲ.

ಮರ್ಜೂಕ್ ಹಾರಿಬಿದ್ದ. ಓಡೋಣವೆಂದರೆ ಸುತ್ತಲೂ ನೀರು.

"ಯಾರದು? ಯಾರು ಮಾತಾಡಿದ್ದು?"

"ನೀನು ಕೂತಿದ್ದೀಯಲ್ಲ, ನಾನೇ. ಈ ಕಡೆಗೆ ನಡೆದು ಬಾ, ಮುಖ ನೋಡುವಿಯಂತೆ. ಗೂಡುಗಳಿವೆ, ನೋಡಿ ಕಾಲಿಡು."

ಅವನು ನಡೆದು ನಡೆದು ದ್ವೀಪದ ತುದಿಗೆ ಬಂದು ಬಗ್ಗಿ ನೋಡಿದ. ನೀರಿನಂಚಿನಲ್ಲಿ ಒಂದು ದೊಡ್ಡ ಕಣ್ಣು ಅವನನ್ನೇ ನೋಡುತ್ತಿತ್ತು. ಆ ಕಣ್ಣಿನಲ್ಲಿ ಎಂಥ ಅಕ್ಕರೆಯಿತ್ತೆಂದರೆ, ಮರ್ಜೂಕನಿಗೆ ಹೆದರಿಕೆ ಹೋಗಿ ಅಳು ಬಂತು. ಹಡಗು ಹೋಯಿತು, ಜೊತೆಯವರು ಎಲ್ಲಿ ಹೋದರೋ ತಿಳಿಯದು ಎಂದು ಹೇಳಿಕೊಂಡು ಅತ್ತ. ತಿಮಿಂಗಿಲ ಕೇಳಿಸಿಕೊಂಡಳು.

"ಅಳು ತಮ್ಮಾ, ಅತ್ತುಬಿಡು. ಉಪ್ಪುನೀರಿಗೆ ನನ್ನ ಹತ್ತಿರ ಜಾಗ ಬೇಕಾದಷ್ಟಿದೆ."

ಅಳುವಿನ ನಡುವೆಯೇ ಮರ್ಜೂಕನಿಗೆ ನಗು ಬಂತು. ಅವತ್ತಿನಿಂದ ಅವಳನ್ನು ದೊಡ್ಡಮ್ಮಾ ಎಂದು ಕರೆದ.

ದೊಡ್ಡಮ್ಮ ಅವನನ್ನು ಹೊತ್ತುಕೊಂಡು ಹಡಗುಗಳು ಓಡಾಡುವ ಕಡೆಗೆ ಮೆಲ್ಲಗೆ ಈಜಿ ತಂದು ಬಿಟ್ಟಳು. ಇಳಿಯುವಾಗ ಮರ್ಜೂಕ್ ಕೇಳಿದ, "ಇನ್ನೊಂದು ಸಲ ಕಷ್ಟ ಬಂದರೆ ನಿನ್ನ ಹತ್ತಿರ ಬರಬಹುದಾ ದೊಡ್ಡಮ್ಮಾ? ನನ್ನ ಜನರನ್ನೂ ಕರೆದುಕೊಂಡು?"

"ಬಾರಪ್ಪ, ಹಡಗು ತುಂಬ ಜನ ಬನ್ನಿ. ಒಂದೇ ಮಾತು. ನಾನು ಜೀವ ಇರುವವಳು ಅಂತ ಅವರಿಗೆ ಹೇಳಿ ಕರೆದುಕೊಂಡು ಬಾ. ಗೊತ್ತಿದ್ದರೆ ಯಾರೂ ನೋಯಿಸುವುದಿಲ್ಲ. ಗೊತ್ತಿಲ್ಲದವರ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗುವುದಿಲ್ಲ ನೋಡು."

"ಹೇಳುತ್ತೇನೆ ದೊಡ್ಡಮ್ಮಾ," ಎಂದ ಮರ್ಜೂಕ್. ಆ ಹೊತ್ತಿನಲ್ಲಿ ಮನಸಾರೆಯೇ ಹೇಳಿದ್ದ.

ಊರಿಗೆ ಹೋದ ಮೇಲೆ ಮಾತು ಗಂಟಲಿನಲ್ಲೇ ನಿಂತಿತು. ಕಡಲ ನಡುವೆ ಸಿಹಿನೀರಿನ ದ್ವೀಪ ಕಂಡವನು ಎಂದು ಬಂದರಿನವರೆಲ್ಲ ಅವನ ಕೈಹಿಡಿದು ಮಾತಾಡಿಸಿದರು. ಅಪ್ಪ ಅವನನ್ನು ಪಕ್ಕಕ್ಕೆ ಕರೆದು, "ಎಲ್ಲಿದೆ, ಎಂಥದ್ದು ಅಂತ ನನಗೂ ಹೇಳಬೇಡ. ಅದು ನಿನ್ನದು," ಎಂದ. ಮರ್ಜೂಕನಿಗೂ ಹಾಗೆಯೇ ಅನ್ನಿಸಿತು. ಇದು ಜೀವ ಇರುವ ದ್ವೀಪ, ಕರೆದರೆ ಓಗೊಡುತ್ತದೆ ಎಂದು ಒಬ್ಬನಿಗೆ ಹೇಳಿದರೆ ನಾಳೆ ಊರಿನ ನಖುದಾಗಳೆಲ್ಲ ಹೋಗಿ ಕರೆಯುತ್ತಾರೆ. ದೊಡ್ಡಮ್ಮನಿಗೆ ತೊಂದರೆಯಲ್ಲವೇ? ಹೇಳದೆ ಇರುವುದೇ ಅವಳಿಗೆ ಒಳ್ಳೆಯದು. ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡ. ಅದರಲ್ಲಿ ಸ್ವಲ್ಪ ನಿಜವೂ ಇತ್ತು. ಸ್ವಲ್ಪ ನಿಜ ಇದ್ದದ್ದರಿಂದಲೇ ಆ ಸಮಾಧಾನ ಅಷ್ಟು ದಿನ ಬಾಳಿತು.

ಮತ್ತೆ ಹಡಗು ಹೊಲಿಸಿದ, ಮತ್ತೆ ಹೊರಟ. ಈ ಸಲ ಮಂಜು ಕವಿದು ದಾರಿ ತಪ್ಪಿತು. ಮರ್ಜೂಕ್ ಹಡಗಿನ ಮೂತಿಯಲ್ಲಿ ಒಬ್ಬನೇ ನಿಂತು, ಯಾರಿಗೂ ಕೇಳದ ಹಾಗೆ ದೊಡ್ಡಮ್ಮನನ್ನು ಕರೆದ. ಮಂಜಿನೊಳಗಿಂದ ಹುಲ್ಲಿನ ದಡ ತೇಲಿಬಂತು.

ನಾವಿಕರು ಖುಷಿಯಿಂದ ಇಳಿದರು. ಮರ್ಜೂಕ್ ಅವರಿಗೆ ಕಟ್ಟುನಿಟ್ಟಾಗಿ ಹೇಳಿದ. "ಇಲ್ಲಿ ಗೂಟ ಹೊಡೆಯಬಾರದು, ನೆಲ ಅಗೆಯಬಾರದು, ಬೆಂಕಿ ಹಚ್ಚಬಾರದು."

ಯಾಕೆಂದು ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಒಣ ಖರ್ಜೂರ, ಒಣ ಮೀನು ಅಗಿಯುತ್ತ ಕೂತರು. ಅವರಲ್ಲಿ ಹಮ್ದಾನ್ ಎಂಬ ಮುದುಕನಿದ್ದ, ಹಡಗಿನ ಹೊಲಿಗೆಯವನು. ಮರ್ಜೂಕನ ಅಪ್ಪನ ಕಾಲದವನಾದ್ದರಿಂದ ಅವನ ಬಾಯಿಗೆ ಮಾತ್ರ ಸ್ವಲ್ಪ ಸಲಿಗೆಯಿತ್ತು.

"ಇದೇನು ದ್ವೀಪವೋ, ನಖುದಾ ಸಾಹೇಬರ ಅತ್ತೆಯ ಮನೆಯೋ? ಮುಟ್ಟಬಾರದು, ತಟ್ಟಬಾರದು, ಒಲೆ ಹಚ್ಚಬಾರದು! ಅತ್ತೆಯ ಮನೆಯಾದರೆ ಬಿಸಿ ಸಾರಾದರೂ ಸಿಗುತ್ತಿತ್ತು."

ಎಲ್ಲರೂ ನಕ್ಕರು. ಮರ್ಜೂಕನೂ ನಕ್ಕ. "ಹೇಳಿದಷ್ಟು ಮಾಡು ಚಾಚಾ," ಎಂದ.

ಆಮೇಲೆ ಒಬ್ಬನೇ ತುದಿಯವರೆಗೆ ನಡೆದು ಹೋಗಿ ದೊಡ್ಡಮ್ಮನ ಕಣ್ಣಿನ ಹತ್ತಿರ ಕೂತ.

"ಹೇಳಿದೆಯಾ ತಮ್ಮಾ?"

"ಮುಂದಿನ ಸಲ ಹೇಳುತ್ತೇನೆ ದೊಡ್ಡಮ್ಮಾ."

"ಸರಿಯಪ್ಪ," ಎಂದಳು ಅವಳು.

ಹೀಗೇ ಎಷ್ಟೋ ಯಾನಗಳಾದವು. ಒಂದು ಸಲ ಹಾವುಗಳೇ ತುಂಬಿದ ನೀರಿನಿಂದ ತಪ್ಪಿಸಿಕೊಂಡು ಬಂದ. ಇನ್ನೊಂದು ಸಲ ಗಾಳಿ ಮುನಿಸಿಕೊಂಡು ನಿಂತುಬಿಟ್ಟು, ಹಾಯಿಪಟ ಜೋತುಬಿದ್ದು, ಕುಡಿಯುವ ನೀರು ಮುಗಿದು ಬಂದ. ಪ್ರತಿ ಸಲವೂ ದೊಡ್ಡಮ್ಮ ಬೆನ್ನು ಕೊಟ್ಟಳು. ಪ್ರತಿ ಸಲವೂ ಕೇಳಿದಳು, "ಹೇಳಿದೆಯಾ ತಮ್ಮಾ?" ಪ್ರತಿ ಸಲವೂ ಅವನು, "ಮುಂದಿನ ಸಲ ದೊಡ್ಡಮ್ಮಾ," ಎಂದ. ಊರಿನಲ್ಲಿ ಅವನ ಹೆಸರು ದೊಡ್ಡದಾಯಿತು. ಕಡಲು ನುಂಗಲಾರದ ನಖುದಾ ಎಂದರು. ಆ ಹೆಸರು ಕೇಳಿದಾಗಲೆಲ್ಲ ಮರ್ಜೂಕನಿಗೆ ಎದೆಯಲ್ಲಿ ಒಂದು ಮುಳ್ಳು ಆಡಿದಂತಾಗುತ್ತಿತ್ತು. ಆದರೂ ಹೇಳಲಿಲ್ಲ.

ಒಮ್ಮೆ ಗಾಳಿಯೇ ಅವನನ್ನು ಕೇಳಿತು. "ಒಂದು ಮಾತಿಗೆ ಇಷ್ಟು ವರ್ಷ ಬೇಕೇನೋ ನಿನಗೆ?"

"ನಿನಗೇನು ಗೊತ್ತು ನಮ್ಮ ಮನೆತನದ ಕಟ್ಟುಪಾಡು," ಎಂದು ಮರ್ಜೂಕ್ ಮುಖ ತಿರುಗಿಸಿದ.

ಕೊನೆಯ ಯಾನ ನಡೆದದ್ದು ಮಳೆಗಾಲ ಇನ್ನೂ ಪೂರ್ತಿ ಕಳೆಯದ ದಿನಗಳಲ್ಲಿ. ಎತ್ತರದ ಅಲೆಯೊಂದು ಹಡಗನ್ನು ಎತ್ತಿ ಕುಕ್ಕಿತು. ಒಂದು ಪಕ್ಕದ ಹೊಲಿಗೆ ಪಟಪಟನೆ ಕಿತ್ತುಬಂತು. ಒಬ್ಬರು ಕೊಡದಲ್ಲಿ, ಇನ್ನೊಬ್ಬರು ಬೋಗುಣಿಯಲ್ಲಿ, ಮತ್ತೊಬ್ಬರು ಬರಿಗೈಯಲ್ಲಿ ನೀರು ಮೊಗೆದು ಹೊರಗೆ ಚೆಲ್ಲಿದರು. ಮರ್ಜೂಕ್ ಮೂತಿಯಲ್ಲಿ ನಿಂತು ಕರೆದ. ಬಿರುಗಾಳಿಯಲ್ಲೂ ದೊಡ್ಡಮ್ಮನಿಗೆ ಕೇಳಿಸಿತು. ಅವಳು ಬಂದು, ಹಡಗು ಹತ್ತಲೆಂದು ತನ್ನ ಒಂದು ಪಕ್ಕವನ್ನು ಓರೆಮಾಡಿ ಕೊಟ್ಟಳು. ನಾವಿಕರು ಹಡಗನ್ನು ಹಗ್ಗ ಹಾಕಿ ಅರ್ಧ ದಡಕ್ಕೆ ಎಳೆದರು.

ಮರುದಿನ ಮಳೆ ನಿಂತು ಬಿಸಿಲು ಬಂತು. ಹಮ್ದಾನ್ ಬೆಳಗಿನಿಂದ ಕೂತು, ಹಳೆಯ ನಾರು ತೆಗೆದು ಹೊಸ ಹುರಿಯಿಂದ ಹೊಲಿದ. ಹೊಲಿದು ಮುಗಿದ ಮೇಲೆ ನೆಟ್ಟಗೆ ನಿಂತು, ಸೊಂಟ ಹಿಡಿದುಕೊಂಡು ಹೇಳಿದ, "ನಖುದಾ ಸಾಹೇಬರೇ, ಇನ್ನು ರಾಳ ಕಾಯಿಸಬೇಕು. ಅತ್ತೆಯ ಮನೆಯವರು ಇವತ್ತಾದರೂ ಒಲೆ ಹಚ್ಚಲು ಬಿಡುತ್ತಾರೋ?"

"ಬೆಂಕಿ ಬೇಡ ಚಾಚಾ."

"ಬೆಂಕಿ ಇಲ್ಲದೆ ರಾಳ ಹೇಗೆ ಕರಗಬೇಕು? ನನ್ನ ಮಾತಿಗೆ ಕರಗುತ್ತದಾ?"

"ಸ್ವಲ್ಪ ತಡಿ. ನಾನು ಹೋಗಿ ಬರುತ್ತೇನೆ."

"ಎಲ್ಲಿಗೆ? ಇರುವುದು ನಾವು, ಹುಲ್ಲು, ಈ ಹಕ್ಕಿಗಳು. ಯಾರನ್ನು ಕೇಳಿಕೊಂಡು ಬರುತ್ತೀರಿ?"

ಮರ್ಜೂಕ್ ಬಾಯಿ ತೆರೆದ. ಅವತ್ತು ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಮೊದಲು ದೊಡ್ಡಮ್ಮನ ಹತ್ತಿರ ಹೋಗಿ, ಇವತ್ತು ಹೇಳುತ್ತೇನೆ ಎಂದು ಅವಳಿಗೆ ತಿಳಿಸಿ, ಅವಳೇ ನಮ್ಮನ್ನು ಯಾವುದಾದರೂ ನಿಜವಾದ ದಡದ ಹತ್ತಿರ ಒಯ್ಯಲಿ ಎಂದು ಕೇಳಿ, ಆಮೇಲೆ ಎಲ್ಲರನ್ನೂ ಕೂರಿಸಿಕೊಂಡು ಹೇಳಿದರಾಯಿತು ಎಂದುಕೊಂಡ. ಬಾಯಿ ಮುಚ್ಚಿ ತುದಿಯ ಕಡೆಗೆ ನಡೆದ.

ಹಮ್ದಾನ್ ಅವನು ಹೋದ ದಾರಿಯನ್ನೇ ನೋಡಿದ. ಹಡಗಿನ ನೆರಳಿನಲ್ಲಿ ನೀರು ಮೊಗೆದು ಬಸವಳಿದ ನಾವಿಕನೊಬ್ಬ ಜ್ವರದಿಂದ ನಡುಗುತ್ತಿದ್ದ. ಪಶ್ಚಿಮದಲ್ಲಿ ಮತ್ತೆ ಮೋಡ ಕಟ್ಟುತ್ತಿತ್ತು. ಇನ್ನೊಂದು ಅಲೆ ಬಂದರೆ ರಾಳವಿಲ್ಲದ ಹೊಲಿಗೆ ತಡೆಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು. "ಈ ಮನುಷ್ಯನಿಗೆ ಒಂದು ಹುಚ್ಚು. ಅವನು ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಬೈದರೆ ಬೈಸಿಕೊಳ್ಳೋಣ," ಎಂದು ಒಣ ಪೊದೆ ಮುರಿದು ರಾಶಿ ಹಾಕಿದ.

ತುದಿಯಲ್ಲಿ ಮರ್ಜೂಕ್ ಮಂಡಿಯೂರಿ ಕೂತಿದ್ದ.

"ಹೇಳಿದೆಯಾ ತಮ್ಮಾ?"

"ಇವತ್ತು ಹೇಳುತ್ತೇನೆ ದೊಡ್ಡಮ್ಮಾ. ಈಗಲೇ ಹೋಗಿ ಹೇಳುತ್ತೇನೆ."

ದೊಡ್ಡಮ್ಮನ ಕಣ್ಣು ಅರಳಿತು. "ಇವತ್ತೇನಾ? ಹಾಗಾದರೆ ಅವರೆಲ್ಲ ಇಲ್ಲಿಗೇ ಬರಲಿ. ಆ ಹಮ್ದಾನ್ ಅನ್ನುವವನ ಹತ್ತಿರ ಮಾತಾಡಬೇಕು ಅಂತ ಎಷ್ಟು ದಿನದ ಆಸೆ ನನಗೆ. ನೀನೇ ಹೇಳಬೇಕು ಅಂತ ಕಾದೆ. ಅತ್ತೆಯ ಮನೆ ಅಂದಾಗಲೆಲ್ಲ ನಗು ತಡೆದುಕೊಂಡು ಸಾಕಾಗಿದೆ." ಅಷ್ಟು ಹೇಳುವಷ್ಟರಲ್ಲಿ ಅವಳ ಕಣ್ಣು ಬೆನ್ನಿನ ಕಡೆಗೆ ಹೊರಳಿತು. ಆಮೇಲೆ, "ತಮ್ಮಾ, ನನ್ನ ಬೆನ್ನ ಮೇಲೆ ಏನೋ ಆಗುತ್ತಿದೆ. ಇಂಥದ್ದು ಎಂದೂ ಆಗಿರಲಿಲ್ಲ. ಏನಿದು?" ಎಂದಳು.

ಮರ್ಜೂಕ್ ತಿರುಗಿ ನೋಡಿದ. ಹೊಗೆ ಏಳುತ್ತಿತ್ತು.

"ಆರಿಸಿ! ಆರಿಸಿ!" ಎಂದು ಕೂಗುತ್ತ ಓಡಿದ. ಗೂಡುಗಳನ್ನು ತುಳಿಯದೆ ಓಡುವುದು ಸುಲಭವಿರಲಿಲ್ಲ. ಗಾಳಿಗೆ ಅವನ ಕೂಗು ಕೇಳಿಸಿತು. ಪಾಪ, ಅದು ದೀಪ ಆರಿಸಿದ ಹಾಗೆ ಆರಿಸಿಬಿಡೋಣವೆಂದು ಎದೆ ತುಂಬ ಉಸಿರೆಳೆದು ಊದಿತು. ಕಿಡಿಗಳು ಹಾರಿ ಹುಲ್ಲಿಗೆ ಬಿದ್ದವು. ಹುಲ್ಲು ಭಗ್ಗನೆ ಹತ್ತಿಕೊಂಡಿತು. ಗಾಳಿ ಗಾಬರಿಯಾಗಿ ಇನ್ನೂ ಜೋರಾಗಿ ಊದಿತು.

ನೆಲ ನಡುಗಿತು. ನಾವಿಕರು ಒಬ್ಬರನ್ನೊಬ್ಬರು ಹಿಡಿದುಕೊಂಡರು.

"ಇದು ನೆಲವಲ್ಲ ಚಾಚಾ!" ಮರ್ಜೂಕನಿಗೆ ಉಸಿರು ಸಿಗುತ್ತಿರಲಿಲ್ಲ. "ಜೀವ ಇರುವವಳು! ದೊಡ್ಡಮ್ಮ! ಇವಳ ಬೆನ್ನು ಇದು!"

ಹಮ್ದಾನನ ಕೈಯಿಂದ ರಾಳದ ಸೌಟು ಬಿತ್ತು.

"ಎಲ್ಲರೂ ಹಡಗು ಹತ್ತಿ," ಎಂದು ನೀರಿನೊಳಗಿಂದ ದನಿ ಬಂತು. ನಾವಿಕರಿಗೆಲ್ಲ ಕೇಳಿಸಿತು. "ಬೇಗ ಹತ್ತಿ ಮಕ್ಕಳೇ. ನಾನು ತಡೆದುಕೊಂಡಿರುತ್ತೇನೆ."

ಅವರು ಜ್ವರದವನನ್ನು ಎತ್ತಿಕೊಂಡರು, ಹಡಗನ್ನು ನೂಕಿದರು, ಹತ್ತಿದರು. ಹಕ್ಕಿಗಳು ಹೊಗೆಯೊಳಗೆ ಸುತ್ತುತ್ತ ಕಿರುಚುತ್ತಿದ್ದವು. "ಮುಳುಗು ದೊಡ್ಡಮ್ಮಾ, ಮುಳುಗು," ಎಂದವು ಕೆಲವು. ಕೆಲವು ಏನೂ ಹೇಳದೆ ತಮ್ಮ ಗೂಡಿನ ಮೇಲೆಯೇ ರೆಕ್ಕೆ ಬಿಚ್ಚಿ ಕೂತಿದ್ದವು.

ಕೊನೆಯವನಾಗಿ ಮರ್ಜೂಕ್ ಹಗ್ಗ ಹಿಡಿಯುವವರೆಗೆ ದೊಡ್ಡಮ್ಮ ಮೇಲೆಯೇ ಇದ್ದಳು. ಆಮೇಲೆ, ಲೋಕ ಹುಟ್ಟಿದಂದಿನಿಂದ ಮೊದಲ ಸಲ, ತಿಮಿಂಗಿಲ ಮುಳುಗಿದಳು. ಹುಲ್ಲು, ಪೊದೆ, ಸಿಹಿನೀರಿನ ಕೊಳ, ಕಾವಿಗಿಟ್ಟ ಮೊಟ್ಟೆಗಳು ಎಲ್ಲವೂ ಅವಳ ಜೊತೆಗೆ ಹೋದವು. ನೀರು ಬಂದು ಮುಚ್ಚಿತು. ಕಡಲಿಗೆ ಒಂದು ಮಾತೂ ಹೊರಡಲಿಲ್ಲ.

ಹಡಗಿನಲ್ಲಿ ನಾವಿಕರು ರಾಳವಿಲ್ಲದ ಹೊಲಿಗೆಯಿಂದ ಜಿನುಗುವ ನೀರನ್ನು ಸರದಿಯಂತೆ ಮೊಗೆಯತೊಡಗಿದರು. ಎಷ್ಟೋ ಹೊತ್ತಿನ ಮೇಲೆ ಹಮ್ದಾನ್ ಮರ್ಜೂಕನ ಹತ್ತಿರ ಬಂದು ಕೂತ. ಅವತ್ತು ಅವನು ಸಾಹೇಬರೇ ಎನ್ನಲಿಲ್ಲ.

"ಒಂದು ಮಾತು ಹೇಳಿದ್ದರೆ ಸಾಕಿತ್ತಲ್ಲ ಮಗಾ. ರಾಳವನ್ನು ಬಿಸಿಲಿಗಿಟ್ಟು ಮೆತ್ತಗೆ ಮಾಡುತ್ತಿದ್ದೆ. ತಡವಾಗುತ್ತಿತ್ತು, ಅಷ್ಟೇ. ಆ ಜ್ವರದವನಿಗೆ ನನ್ನ ಅಂಗಿ ಬಿಚ್ಚಿ ಹೊದಿಸುತ್ತಿದ್ದೆ. ನಿನ್ನ ದೊಡ್ಡಮ್ಮ ಅಂದರೆ ನನಗೂ ಮನೆಯವಳೇ ಅಲ್ಲವೇನೋ?"

ಮರ್ಜೂಕ್ ಎದ್ದು ಹೋಗಿ ಮೂತಿಯಲ್ಲಿ ನಿಂತು ನೀರನ್ನೇ ನೋಡಿದ.

ಆಗ ದೂರದಲ್ಲಿ ನೀರು ಸೀಳಿ ದೊಡ್ಡಮ್ಮ ಮೇಲೆ ಬಂದಳು. ಬೆನ್ನು ಬೋಳಾಗಿ, ಕಪ್ಪಾಗಿ ಹೊಳೆಯುತ್ತಿತ್ತು. ಉರಿ ಇನ್ನೂ ಇದೆಯೆಂದೇ ತಿಳಿದು, ಅವಳು ಉಸಿರು ಬಿಗಿಹಿಡಿದು, ಎತ್ತರಕ್ಕೆ ನೀರು ಚಿಮ್ಮಿಸಿ ತನ್ನ ಬೆನ್ನಿನ ಮೇಲೆ ಸುರಿದುಕೊಂಡಳು.

"ದೊಡ್ಡಮ್ಮಾ!" ಮರ್ಜೂಕ್ ಗಂಟಲು ಹರಿಯುವ ಹಾಗೆ ಕೂಗಿದ. "ಆರಿಹೋಯಿತು! ಬೆಂಕಿ ಆರಿಹೋಯಿತು ದೊಡ್ಡಮ್ಮಾ!"

ಅವಳು ಕೇಳಿಸಿಕೊಂಡಳು. ಮೊದಲಾಗಿದ್ದರೆ ಅವನು ಹೇಳಿದ್ದನ್ನು ಹಾಗೆಯೇ ನಂಬುತ್ತಿದ್ದಳು. ಈಗ ಒಂದು ಗಳಿಗೆ ಅವನ ಕಡೆ ನೋಡಿದಳು, ಇನ್ನೊಂದು ಸಲ ಬೆನ್ನಿಗೆ ನೀರು ಸುರಿದುಕೊಂಡಳು, ಮುಳುಗಿಹೋದಳು. ಅವಳ ನೋಟದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮರ್ಜೂಕನಿಗೆ ಸ್ವಲ್ಪ ಹಗುರಾಗುತ್ತಿತ್ತು.

ಊರಿಗೆ ಬಂದು ಮರ್ಜೂಕ್ ಬಂದರಿನಲ್ಲಿ ನಿಂತು, ಅಪ್ಪನ ಎದುರಿಗೆ, ಎಲ್ಲ ನಖುದಾಗಳ ಎದುರಿಗೆ, ಎಲ್ಲವನ್ನೂ ಹೇಳಿದ. ಹೇಳಬೇಕಾದ ಹೊತ್ತು ದಾಟಿದ ಮಾತು ಅದು. ಕೇಳಿದವರು ತಲೆ ತಗ್ಗಿಸಿದರು, ಅಷ್ಟೇ. ಆಮೇಲೆ ಅವನು ಬದುಕಿರುವವರೆಗೂ ಕಡಲಿಗೆ ಹೋದ. ಹೊಸ ನಾಡು ಹುಡುಕಲಿಲ್ಲ, ಹೆಸರು ಬೇಕೆನ್ನಲಿಲ್ಲ. ಮೂತಿಯಲ್ಲಿ ನಿಂತು, ಈಗ ಎಲ್ಲರಿಗೂ ಕೇಳುವ ಹಾಗೆ, "ಆರಿಹೋಗಿದೆ ದೊಡ್ಡಮ್ಮಾ, ಬೆಂಕಿ ಆರಿಹೋಗಿದೆ," ಎಂದು ನೀರಿಗೆ ಹೇಳುತ್ತ ಹೋದ. ಅವಳು ಆಗಾಗ ಮೇಲೆ ಬರುತ್ತಿದ್ದಳು. ಆದರೆ ಹತ್ತಿರ ಬರಲಿಲ್ಲ.

ಮುಂದೆ ಅವಳಿಗೆ ಮಕ್ಕಳಾದವು, ಮೊಮ್ಮಕ್ಕಳಾದವು. ಬೆಂಕಿ ಎಂದರೇನೆಂದು ಅವುಗಳಿಗೆ ಗೊತ್ತಿಲ್ಲ. ಮೇಲೆ ಬಂದರೆ ಮೊದಲು ಬೆನ್ನು ನೆನೆಸಿಕೊಳ್ಳಬೇಕೆಂದು ತಾಯಿ ಕಲಿಸಿದ್ದಷ್ಟೇ ಗೊತ್ತು.

ಅದಕ್ಕೇ ಮಗೂ, ನೀನು ದೋಣಿಯಲ್ಲಿ ದೂರ ಹೋದ ದಿನ ಕಡಲಿನ ನಡುವೆ ಕಪ್ಪು ಬೆನ್ನೊಂದು ಎದ್ದು, ದೀರ್ಘವಾಗಿ ಉಸಿರು ಬಿಟ್ಟು, ಎತ್ತರಕ್ಕೆ ನೀರು ಚಿಮ್ಮಿಸಿ, ನೀನು ನೋಡನೋಡುತ್ತಿದ್ದಂತೆ ಮುಳುಗಿಹೋದರೆ, ಯಾವತ್ತೋ ಆರಿಹೋದ ಬೆಂಕಿಯನ್ನು ತಿಮಿಂಗಿಲ ಇವತ್ತಿಗೂ ಆರಿಸಿಕೊಳ್ಳುತ್ತಿದೆ ಎಂದು ತಿಳಿ.